ಕೆರೆಗೆ ಜಾಗ ತೋರಿಸಿದವರು

ಕೆರೆ ಎದ್ದರೆ ನಮ್ಮೂರಿನಲ್ಲಿ ಮೊದಲು ಗೊತ್ತಾಗುವುದು ಬಾಗಿಲುಗಳಿಗೆ. ಚೌಕಟ್ಟು ಉಬ್ಬಿಕೊಂಡು, ಎಷ್ಟು ಎಳೆದರೂ ಕದ ಮುಚ್ಚುವುದಿಲ್ಲ. ಹೆಂಗಸರು ತಕ್ಷಣ ಒಲೆ ಆರಿಸಿ ಪಾತ್ರೆಪಗಡ ಕಟ್ಟತೊಡಗುತ್ತಾರೆ. ಗಂಡಸರು ಬೀದಿಗೆ ಬಂದು, ಅದು ಯಾರ ಕಡೆ ಹೊರಟಿದೆಯೆಂದು ಕತ್ತು ಉದ್ದ ಮಾಡಿ ನೋಡುತ್ತಾ ನಿಲ್ಲುತ್ತಾರೆ, ಅದೇ ದೊಡ್ಡ ಕೆಲಸವೆಂಬಂತೆ. ಕೆರೆಗೆ ಆತುರವೇನೂ ಇರುವುದಿಲ್ಲ. ಸಂತೆಗೆ ಹೊರಟ ಮುದುಕನ ನಡಿಗೆ ಅದರದು. ಯಾವುದೋ ಒಂದು ಬೀದಿ ಹಿಡಿದು, ಗೋಡೆಗಳ ಅರ್ಧದವರೆಗೆ ತುಂಬಿಕೊಂಡು ಕೂರುತ್ತದೆ. ಮಳೆಗಾಲ ಕಳೆದ ಮೇಲೆ ಎದ್ದು, ಊರಾಚೆಯ ತನ್ನ ತಗ್ಗಿಗೆ ವಾಪಸು ಹೋಗುತ್ತದೆ. ಮುಂದಿನ ವರ್ಷ ಇನ್ನೊಂದು ಬೀದಿ. ಯಾವುದು ಎನ್ನುವುದು ಯಾರಿಗೂ ತಿಳಿಯದು. ನೀರಿಗೆ ಸಿಕ್ಕಿ ಸತ್ತವರಿಲ್ಲ. ಹಗಲುನಿದ್ದೆಯ ಮಹಾಶಯರು ಒಬ್ಬಿಬ್ಬರು ಮಂಚದ ಸಮೇತ ತೇಲಿದ್ದುಂಟು.

ಹೀಗಿರುವುದರಿಂದ ಊರಿನ ಪ್ರತಿ ಮನೆಗೂ ಬೇರೊಂದು ಬೀದಿಯಲ್ಲಿ ಒಂದು ಜೋಡಿಮನೆ ಇದೆ. ನಮ್ಮ ಬೀದಿಗೆ ಕೆರೆ ಬಂದರೆ ನಾವು ಅವರ ಮನೆಗೆ, ಅವರ ಬೀದಿಗೆ ಬಂದರೆ ಅವರು ನಮ್ಮ ಮನೆಗೆ. ಯಾರು ಯಾರಿಗೆ ಜೋಡಿ ಎಂದು ಗೊತ್ತು ಮಾಡಿದ ಹಿರಿಯರು ಜಾತಿ ನೋಡಿರಲಿಲ್ಲ, ಅಂತಸ್ತು ನೋಡಿರಲಿಲ್ಲ. ಬಹುಶಃ ಕಣ್ಣು ಮುಚ್ಚಿಕೊಂಡೇ ಮಾಡಿದ್ದರು. ಹಾಗಾಗಿ ದವಸದ ಮಂಡಿಯ ರೇವಣಸಿದ್ದಪ್ಪನ ತೊಟ್ಟಿಮನೆಗೆ ಇಟ್ಟಿಗೆ ಬೀದಿಯ ಅಂಕಯ್ಯನ ಒಂದಂಕಣದ ಮನೆ ಜೋಡಿ. ಎಲ್ಲರ ಮನೆಯಲ್ಲೂ ಒಂದು ಕೋಣೆಯಲ್ಲಿ ಎರಡನೇ ಒಲೆ ಇರುತ್ತದೆ. ಅದಕ್ಕೆ ಕಾಲಕಾಲಕ್ಕೆ ಸುಣ್ಣ ಬಳಿಯಬೇಕು, ಆ ಕೋಣೆಗೆ ಬೀಗ ಹಾಕಬಾರದು. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಕ್ಕೂ ಮುಂಚೆ ಜೋಡಿಮನೆಯವರು ಹೇಗೆ ಎಂದು ಕೇಳುತ್ತಾರೆ. ಇದನ್ನೆಲ್ಲ ನಾವು ಪ್ರೀತಿಯಿಂದ ನಡೆಸಿಕೊಂಡು ಬಂದೆವೆಂದು ಯಾರಾದರೂ ಅಂದುಕೊಂಡರೆ ಅವರಷ್ಟು ಪೆದ್ದರಿಲ್ಲ. ಸೀಗಡಿ ವಾಸನೆಗೆ, ಮಕ್ಕಳ ಗಲಾಟೆಗೆ, ಟಿವಿಯಲ್ಲಿ ಯಾವ ಧಾರಾವಾಹಿ ನೋಡಬೇಕೆಂಬುದಕ್ಕೆ ಕಿತ್ತಾಡದ ಜೋಡಿಯೇ ಇರಲಿಲ್ಲ. ಮುಂದಿನ ಸಲ ನಮ್ಮ ಬೀದಿಯೇ ಆದರೆ ಎಂಬ ದಿಗಿಲಿತ್ತು, ಅದಕ್ಕೇ ಬಾಗಿಲು ತೆರೆಯುತ್ತಿದ್ದೆವು.

ಇನ್ನೊಂದು ಕಟ್ಟುಪಾಡಿತ್ತು. ಕೆರೆಗೆ ಏನೂ ಹೇಳಬಾರದು. ಅಲ್ಲಿಗೆ ಹೋಗು, ಇಲ್ಲಿಗೆ ಬರಬೇಡ, ಏಳು, ಕೂರು, ಊಹೂಂ. ಕೋಪಕ್ಕೂ ತಮಾಷೆಗೂ ಬಾಯಿಬಿಡುವ ಹಾಗಿಲ್ಲ. ಹಾಗೆ ಹೇಳಿದವರ ಜೋಡಿ ಅವತ್ತಿಗೇ ಮುರಿದು ಬೀಳುತ್ತದೆ. ಆಮೇಲೆ ಕೆರೆ ಬಂದರೆ ಅವರನ್ನು ಯಾರೂ ಒಳಗೆ ಕರೆಯುವುದಿಲ್ಲ. ನನಗೆ ನೆನಪಿರುವ ಮಟ್ಟಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ನಮ್ಮೂರಿನವರು ಬೇರೆ ವಿಷಯಕ್ಕೆ ಬಾಯಿ ಹರಿಬಿಟ್ಟರೂ ಕೆರೆಯ ವಿಷಯಕ್ಕೆ ಬೀಗ ಹಾಕಿಕೊಳ್ಳುತ್ತಿದ್ದರು.

ನಾನು ಶಾಮಿಯಾನ ಜವರಪ್ಪ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಅಡುಗೆ ಪಾತ್ರೆ, ಮೈಕ್‌ಸೆಟ್ಟು ಬಾಡಿಗೆಗೆ ಕೊಡುವುದು ನನ್ನ ಕಸುಬು. ಊರಿನ ಮದುವೆ, ತಿಥಿ, ಭಾಷಣ ಎಲ್ಲವನ್ನೂ ಕುರ್ಚಿಗಳ ಹಿಂದೆ ನಿಂತು ನೋಡಿದವನು. ಹಿಂದಿನಿಂದ ನೋಡಿದರೆ ಮನುಷ್ಯರು ಬೇಗ ಅರ್ಥವಾಗುತ್ತಾರೆ. ನಮ್ಮ ಜೋಡಿಮನೆ ಇಟ್ಟಿಗೆ ಬೀದಿಯ ದೇವೀರಮ್ಮನದು. ಗಂಡ ಹೋದ ಮೇಲೆ ಒಬ್ಬಳೇ ಮಣ್ಣು ತುಳಿದು, ಅಚ್ಚು ಹೊಡೆದು, ತಾನೇ ಮಾಡಿದ ಹಸಿ ಇಟ್ಟಿಗೆಯಿಂದ ಮನೆ ಕಟ್ಟಿಕೊಂಡ ಹೆಂಗಸು. ಸುಟ್ಟ ಇಟ್ಟಿಗೆಯೆಲ್ಲ ಮಾರಾಟಕ್ಕೆ, ಹಸಿ ಇಟ್ಟಿಗೆ ತನಗೆ. ನಶ್ಯದ ಡಬ್ಬಿ ಅವಳ ಸೊಂಟ ಬಿಟ್ಟಿರುತ್ತಿರಲಿಲ್ಲ, ನಾಲಗೆಯೂ ಬಹಳ ಹರಿತ. ನನ್ನ ಹೆಂಡತಿ ತಾಯಮ್ಮನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆದರೂ ನಮ್ಮ ಬೀದಿಗೆ ಕೆರೆ ಬಂದಾಗ ಆ ಪುಟ್ಟ ಮನೆಯಲ್ಲಿ ನಮಗೆ ಒಳಗಿನ ಕೋಣೆ ಕೊಟ್ಟು, ತಾನು ನಡುಮನೆಯಲ್ಲಿ ಮಲಗಿದವಳು ಅವಳು.

ಈಚೆಗೆ ಮಳೆಯ ಲೆಕ್ಕ ತಪ್ಪಿತು. ಬರಬೇಕಾದಾಗ ಬಾರದೆ, ಬೇಡವಾದಾಗ ಆಕಾಶವೇ ಹರಿದ ಹಾಗೆ ಸುರಿಯತೊಡಗಿತು. ಕೆರೆಗೂ ತಲೆ ಕೆಟ್ಟಿತು. ವರ್ಷಕ್ಕೆರಡು ಸಲ ಏಳುವುದು, ಚಳಿಗಾಲ ಬಂದರೂ ಬೀದಿ ಬಿಡದೆ ಕೂರುವುದು. ಪಾತ್ರೆ ಕಟ್ಟಿ, ಪಾತ್ರೆ ಬಿಚ್ಚಿ ಊರಿಗೆ ಊರೇ ಸುಸ್ತಾಯಿತು. ಆಗ ಬಂದವರು ಅಭಿಜಿತ್ ಸಾರ್. ಒಂದು ದೊಡ್ಡ ಸಂಸ್ಥೆಯವರು, ಯಾವುದೆಂದು ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಖಾದಿ ಜುಬ್ಬ, ಕಾಲಿಗೆ ಬೆಟ್ಟ ಹತ್ತುವ ಬೂಟು. ನಮ್ಮೂರಿನಲ್ಲಿ ಬೆಟ್ಟವಿಲ್ಲ.

ಕಾರ್ಯಾಗಾರ ಎಂದರು. ಬ್ಯಾನರು ತಂದರು. 'ಹವಾಮಾನ ಸ್ಥಿತಿಸ್ಥಾಪಕತ್ವ ಬಲವರ್ಧನೆಗಾಗಿ ಸಮುದಾಯ ಹಾಗೂ ಪಾಲುದಾರರ ಸಕ್ರಿಯ ಸಹಭಾಗಿತ್ವ' ಎಂದು ಅದರ ಮೇಲಿತ್ತು. ಅಷ್ಟು ಉದ್ದದ ಮಾತನ್ನು ಹಿಡಿದು ನಿಲ್ಲಿಸಲು ನಾನು ಇನ್ನೂ ಎರಡು ಬಿದಿರು ಗಳು ನೆಡಬೇಕಾಯಿತು. ಓದಿದವರಿಗೆ ಅರ್ಥವಾಗಲಿಲ್ಲ, ಓದು ಬಾರದವರಿಗೆ ನಷ್ಟವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆಂದು ಎಲ್ಲರೂ ತಲೆಯಾಡಿಸಿದರು. ರೇವಣಸಿದ್ದಪ್ಪನಂತೂ ಬ್ಯಾನರಿನ ಕೆಳಗೆ ನಿಂತು, ತಾನೇ ಬರೆಸಿದವನ ಹಾಗೆ ಫೋಟೊ ತೆಗೆಸಿಕೊಂಡ.

ನಾನು ಹಗ್ಗ ಬಿಗಿಯುತ್ತಿದ್ದಾಗ ದೇವೀರಮ್ಮ ಬಂದಳು. ಕೈ ಮೊಣಕೈವರೆಗೂ ಕೆಮ್ಮಣ್ಣು.

"ಸ್ವಾಮೀ, ಈ ಮೀಟಿಂಗು ನಾಳೀಕೇ ಆಗ್ಬೇಕಾ? ನಾಳೀಕೆ ನಮ್ ಬೀದಿ ಇಟ್ಟಿಗೆ ಗೂಡಿಗೆ ಬೆಂಕಿ ಇಕ್ತೀವಿ. ಇಕ್ಕಿದ್ ಮ್ಯಾಲೆ ಬುಟ್ಟು ಬರಕ್ಕಾಗಕಿಲ್ಲ. ಬೆಂಕಿ ತಗ್ಗೋದ್ರೆ ಒಂದಿಟ್ಟಿಗೆನೂ ದಕ್ಕಕಿಲ್ಲ."

"ಅಮ್ಮಾ, ದಿನಾಂಕ ಈಗಾಗಲೇ ನಿಗದಿಯಾಗಿದೆ," ಅಂದರು ಅಭಿಜಿತ್ ಸಾರ್, ಬಹಳ ನಯವಾಗಿ. "ನಿಮ್ಮ ಧ್ವನಿ ನಮಗೆ ತುಂಬಾ ಮುಖ್ಯ. ನಿಮ್ಮ ಬೀದಿಯ ಪರವಾಗಿ ಯಾರಾದರೊಬ್ಬರು ಬಂದರೂ ಸಾಕು."

"ಯಾರ್ ಬಂದಾರು? ಬೀದಿಗೆ ಬೀದಿನೇ ಗೂಡಿನ್ ಮುಂದಿರ್ತದೆ."

ನಾಳೆಯ ಉಪ್ಪಿಟ್ಟಿಗೆ ರವೆ ಅಳೆಸುತ್ತಿದ್ದ ರೇವಣಸಿದ್ದಪ್ಪ ಅಲ್ಲಿಂದಲೇ ಹಲ್ಲು ಬಿಟ್ಟ. "ನಾನಿಲ್ವೇನಮ್ಮ ದೇವೀರಮ್ಮ? ಅಂಕಯ್ಯ ನನ್ ಜೋಡಿ ಅಲ್ವಾ? ನಿಮ್ ಬೀದಿ ಬೇರೆ, ನಾನ್ ಬೇರೆನಾ? ನಿಮ್ ಪರವಾಗಿ ನಾನಿರ್ತೀನಿ, ಹೋಗು, ನೆಮ್ಮದಿಯಾಗಿ ಬೆಂಕಿ ಹಾಕ್ಕೊ."

"ಕೇಳಿದಿರಲ್ಲ!" ಅಂದರು ಅಭಿಜಿತ್ ಸಾರ್, ಸಮಸ್ಯೆಯೊಂದು ಕಣ್ಣೆದುರೇ ಬಗೆಹರಿದ ಸಂತೋಷದಿಂದ. ದೇವೀರಮ್ಮ ರೇವಣಸಿದ್ದಪ್ಪನನ್ನು ಒಮ್ಮೆ ನೋಡಿದಳು, ಒಂದು ಚಿಟಿಕೆ ನಶ್ಯ ಏರಿಸಿ ಹೊರಟುಹೋದಳು.

ಮಾರನೆಯ ದಿನ ಊರಿಗೆ ಊರೇ ಬಂತು. ಬಂದವರಿಗೆಲ್ಲ 'ಪಾಲುದಾರ' ಎಂದು ಅಚ್ಚಾದ ಬಿಲ್ಲೆ ಕೊರಳಿಗೆ ಹಾಕಿದರು. ಕೆಲವರು ಆ ಬಿಲ್ಲೆಯನ್ನು ಆಮೇಲೆ ತಿಂಗಳಾನುಗಟ್ಟಲೆ ತೆಗೆಯಲಿಲ್ಲ. ನಾನೂ ಕೈಚಾಚಿದೆ. "ನೀವು ಪಾಲುದಾರರಲ್ಲ, ಸರಬರಾಜುದಾರರು," ಎಂದು ಸಾರ್ ಪಕ್ಕಕ್ಕೆ ನಿಲ್ಲಿಸಿದರು. ಕೆರೆ ನನ್ನ ಮನೆಗೂ ಬರುತ್ತದಲ್ಲ ಎಂದು ಕೇಳಬೇಕೆನಿಸಿತು. ಅವಮಾನವಾಗಿ, ಮುಖ ಊದಿಸಿಕೊಂಡು ಮೈಕಿನ ಪೆಟ್ಟಿಗೆಯ ಮೇಲೆ ಕೂತೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ಆಟ ಆಡಿಸಿದರು. ಒಬ್ಬರ ಕೈ ಒಬ್ಬರು ಹಿಡಿದು ಗಂಟಾಗಿ, ಆಮೇಲೆ ಆ ಗಂಟು ಬಿಡಿಸಿಕೊಳ್ಳುವುದು. ವರ್ಷ ವರ್ಷವೂ ಒಬ್ಬರ ಒಲೆಯಲ್ಲಿ ಇನ್ನೊಬ್ಬರು ಬೇಯಿಸಿಕೊಂಡು ಬಂದ ಜನಕ್ಕೆ ಒಗ್ಗಟ್ಟು ಎಂದರೇನೆಂದು ಹೇಳಿಕೊಟ್ಟರು. ಮದ್ದಿನಂಗಡಿಯವನು, ಮೇಷ್ಟರು, ಮಹಿಳಾ ಸಂಘದ ಅಧ್ಯಕ್ಷೆ ಎಲ್ಲರೂ ಮಕ್ಕಳಿಗಿಂತ ಕಡೆಯಾಗಿ ಕಿಸಿಕಿಸಿ ನಕ್ಕರು. ಜೋಡಿಮನೆಯ ವಿಷಯವನ್ನು ಮೇಷ್ಟರು ವಿವರಿಸಿದಾಗ ಸಾರ್ ಕಣ್ಣರಳಿಸಿ, "ಎಂಥ ಸುಂದರ ಪಾರಂಪರಿಕ ವ್ಯವಸ್ಥೆ!" ಎಂದು ಎರಡು ಸಲ ಅಂದರು. ಹೊಗಳಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟು, ನಾನು ಜೋಡಿಸಿಟ್ಟ ಮೇಜುಗಳ ಮೇಲೆ ಊರಿನ ದೊಡ್ಡ ನಕ್ಷೆ ಹಾಸಿದರು. ಎಲ್ಲರ ಕೈಗೂ ಒಂದೊಂದು ಕೆಂಪು ಚುಕ್ಕಿ ಕೊಟ್ಟರು, ಹಿಂದೆ ಅಂಟು ಇರುವಂಥದ್ದು.

"ಅತಿ ಕಡಿಮೆ ನಷ್ಟವಾಗುವಂತೆ ಕೆರೆಯನ್ನು ಎಲ್ಲಿ ಕೂರಿಸಬಹುದು? ಯೋಚಿಸಿ, ಅಲ್ಲಿ ಅಂಟಿಸಿ."

ಯಾರೂ ಮೇಲೇಳಲಿಲ್ಲ. ಕೊನೆಗೆ ಮೇಷ್ಟರು ಗಂಟಲು ಸರಿಮಾಡಿಕೊಂಡರು. "ಸಾರ್, ನಮ್ಮೂರಲ್ಲಿ ಅದನ್ನ ಹೇಳೋ ಹಾಗಿಲ್ಲ."

"ಹೇಳುವುದು ಬೇಡ," ಅಂದರು ಅಭಿಜಿತ್ ಸಾರ್, ಇನ್ನೂ ನಯವಾಗಿ. "ಯಾರೂ ಒಂದು ಮಾತೂ ಆಡಬೇಡಿ. ಸುಮ್ಮನೆ ಅಂಟಿಸಿ. ಯಾರ ಚುಕ್ಕಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ."

ಆಗ ಎಲ್ಲರ ಮುಖ ಬಿಚ್ಚಿಕೊಂಡಿದ್ದನ್ನು ನಾನು ನೋಡಿದೆ. ಹೌದಲ್ಲ! ಹಿರಿಯರು ಹೇಳಬಾರದು ಅಂದಿದ್ದರು, ಅಂಟಿಸಬಾರದು ಅಂದಿರಲಿಲ್ಲವಲ್ಲ! ತಲೆತಲಾಂತರದಿಂದ ನಾಲಗೆಯ ತುದಿಯಲ್ಲಿ ತಡೆಹಿಡಿದುಕೊಂಡಿದ್ದಕ್ಕೆ ಒಂದು ದಾರಿ ಸಿಕ್ಕಿಬಿಟ್ಟಿತ್ತು, ಅದೂ ಉಪ್ಪಿಟ್ಟಿನ ಸಮೇತ. ಮೊದಲು ಎದ್ದವನು ರೇವಣಸಿದ್ದಪ್ಪ. ನಕ್ಷೆಯ ಮೇಲೆ ಬಗ್ಗಿ, ಬೆರಳಿನಿಂದ ದಾರಿ ಹುಡುಕಿ, ಇಟ್ಟಿಗೆ ಬೀದಿಯ ನಡುಮಧ್ಯೆ ಚುಕ್ಕಿ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಆ ಬೀದಿಯ ಪರವಾಗಿ ಬಂದವನು, ಅವರ ಪರವಾಗಿ ತಾನೇ ಒಪ್ಪಿಕೊಂಡ. ಆಮೇಲೆ ಸಾಲು ಹಚ್ಚಿದರು. ಮದ್ದಿನಂಗಡಿಯವನು ಪಕ್ಕದವನ ಕಿವಿಯಲ್ಲಿ, "ಮಣ್ಣಿನ ಕೆಲಸದೋರಿಗೆ ನೀರು ಹತ್ರ ಇದ್ರೆ ಒಳ್ಳೇದೇ ಬಿಡಿ," ಎಂದು ಪಿಸುಗುಟ್ಟಿದ. ಮಹಿಳಾ ಸಂಘದ ಅಧ್ಯಕ್ಷೆ ಅಯ್ಯೋ ಪಾಪ ಅಂದು, ಅಂದಾದ ಮೇಲೆ ಅಂಟಿಸಿದಳು. ಮೇಷ್ಟರು ಕಣ್ಣು ಮುಚ್ಚಿಕೊಂಡು ಅಂಟಿಸಿದರು. ಕಣ್ಣು ಮುಚ್ಚಿದ್ದರೂ ಅವರ ಕೈ ನೇರವಾಗಿ ಅಲ್ಲಿಗೇ ಹೋಗಿತ್ತು. ಸಾಲು ಮುಗಿಯುವ ಹೊತ್ತಿಗೆ ನಕ್ಷೆಯಲ್ಲಿ ಇಟ್ಟಿಗೆ ಬೀದಿ ಕಾಣಿಸುತ್ತಲೇ ಇರಲಿಲ್ಲ.

"ಅದ್ಭುತ! ಇಷ್ಟು ಸ್ಪಷ್ಟವಾದ ಒಮ್ಮತ ನಾನು ಎಲ್ಲೂ ಕಂಡಿಲ್ಲ," ಅಂದರು ಅಭಿಜಿತ್ ಸಾರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಚುಕ್ಕಿ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಎಲ್ಲಿ ಅಂಟಿಸುತ್ತಿದ್ದೆನೋ, ಅದನ್ನು ಕೆದಕುವ ಗೋಜಿಗೆ ನಾನು ಹೋಗಿಲ್ಲ.

ಶಾಮಿಯಾನ ಬಿಚ್ಚುವುದನ್ನೂ ಬಿಟ್ಟು ನೇರವಾಗಿ ಗೂಡಿನ ಹತ್ತಿರ ಹೋದೆ. ಬೀದಿಯವರೆಲ್ಲ ಬೆಂಕಿಯ ಬಾಯಿಗೆ ಸೌದೆ ತಳ್ಳುತ್ತಿದ್ದರು. ದೇವೀರಮ್ಮನಿಗೆ ನಡೆದದ್ದನ್ನು ಹೇಳಿದೆ. ಅವಳು ಬೆಂಕಿಯಿಂದ ಮುಖ ತಿರುಗಿಸದೆ ಕೇಳಿದಳು.

"ಹೇಳಿದ್ರಾ, ಅಂಟಿಸಿದ್ರಾ?"

"ಅಂಟಿಸಿದ್ರು ಕಣಕ್ಕ."

"ಅಂಗಾರೆ ನೋಡನ ಬುಡು. ಕೆರೆಗೆ ಓದಕ್ಕೆ ಬತ್ತದೋ ಇಲ್ವೋ."

ಕೆರೆಗೆ ಓದಲು ಬರುತ್ತಿತ್ತು. ಮುಂದಿನ ಮಳೆಗೆ ಇಟ್ಟಿಗೆ ಬೀದಿಯ ಬಾಗಿಲುಗಳು ಮಾತ್ರ ಉಬ್ಬಿದವು. ಉಳಿದ ಬೀದಿಗಳ ಜನ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ಕದ ಮುಚ್ಚಿ ತೆಗೆದು, ತೆಗೆದು ಮುಚ್ಚಿ ನೋಡಿದರು. ಸಲೀಸಾಗಿ ಮುಚ್ಚುತ್ತಿತ್ತು. ಆ ಮಧ್ಯಾಹ್ನ ಊರ ತುಂಬ ಅದೇ ಸದ್ದು. ಇಟ್ಟಿಗೆ ಬೀದಿಯವರು ಪಾತ್ರೆ ಹೊತ್ತು ಜೋಡಿಮನೆಗಳಿಗೆ ಬಂದರು. ದೇವೀರಮ್ಮ ನಮ್ಮ ಎರಡನೇ ಒಲೆಯ ಮುಂದೆ ಗಂಟು ಇಳಿಸಿದಳು. ಅವತ್ತು ಎಲ್ಲರೂ ಚೆನ್ನಾಗಿಯೇ ನೋಡಿಕೊಂಡರು, ಹಬ್ಬದ ಅಡುಗೆ ಮಾಡಿದವರೂ ಇದ್ದರು. ಅಷ್ಟರಮಟ್ಟಿಗೆ ಎದೆ ಚುಚ್ಚುತ್ತಿತ್ತು ಅಂತ ಕಾಣುತ್ತದೆ.

ಮಳೆಗಾಲ ಮುಗಿಯಿತು, ಕೆರೆ ಏಳಲಿಲ್ಲ. ಚಳಿ ಬಂತು, ಬಿಸಿಲು ಬಂತು. ಕೂತ ಕೆರೆ ಕೂತೇ ಇತ್ತು. ಊರಾಚೆಯ ಅದರ ತಗ್ಗು ಒಣಗಿ ಬಾಯಿಬಿಟ್ಟಿತು. ಇಟ್ಟಿಗೆ ಗೂಡು ನೀರಿನೊಳಗೇ ಕರಗಿತು. ಎಲ್ಲಿ ಕೂರಬೇಕೆಂದು ಇಷ್ಟು ಜನ ಇಷ್ಟು ಒಮ್ಮತದಿಂದ ಹೇಳಿದ ಮೇಲೆ ಅದಾದರೂ ಯಾಕೆ ಏಳುತ್ತದೆ? ಇನ್ನು ನಮ್ಮ ಮನೆಗೆ ಬರುವುದಿಲ್ಲ ಎಂಬುದು ಖಾತ್ರಿಯಾದ ದಿನದಿಂದ ಜನರ ಎದೆ ಚುಚ್ಚುವುದು ನಿಂತಿತು. ಬಾರದ ಕೆರೆಗೆ ಜೋಡಿ ಯಾಕೆ? ಮೊದಲು ಒಲೆ ಒಡೆದವನು ರೇವಣಸಿದ್ದಪ್ಪ. ಅಂಕಯ್ಯನ ಸಂಸಾರ ಇದ್ದ ಕೋಣೆಯಲ್ಲಿ ಕಡಲೆಕಾಯಿ ಮೂಟೆ ಇಡಬೇಕೆಂದ. ಆಮೇಲೆ ಬೀದಿ ಬೀದಿಯಲ್ಲೂ ಗುದ್ದಲಿ ಸದ್ದು. ಎರಡನೇ ಒಲೆ ಇದ್ದಲ್ಲಿ ಒಬ್ಬರು ಬಚ್ಚಲು ಮಾಡಿಕೊಂಡರು, ಒಬ್ಬರು ದೇವರಮನೆ ಮಾಡಿಕೊಂಡರು. ಇಟ್ಟಿಗೆ ಬೀದಿಯವರಿಗೆ ಊರ ಹೊರಗೆ, ಹಳೇ ಚರ್ಮ ಹದ ಮಾಡುವ ಮೈದಾನದಲ್ಲಿ, ತಗಡಿನ ಶೆಡ್ಡು ಹಾಕಿಕೊಟ್ಟರು. ಅವುಗಳಿಗೆ 'ಸುಸ್ಥಿರ ವಸತಿ' ಎಂದು ಹೆಸರು. ಬಿಸಿಲಲ್ಲಿ ಅದರೊಳಗೆ ಹಪ್ಪಳ ಸುಡಬಹುದಿತ್ತು.

ನಮ್ಮ ಮನೆಯ ಒಲೆ ಉಳಿಯಿತು, ದೇವೀರಮ್ಮನೂ ನಮ್ಮಲ್ಲೇ ಉಳಿದಳು. ನಾವೇನೂ ದೊಡ್ಡ ಮನುಷ್ಯರೆಂದಲ್ಲ. ನಾನು ಒಂದು ದಿನ ಊಟಕ್ಕೆ ಕೂತಾಗ, ಎಲ್ಲರೂ ಒಡೀತಾ ಇದಾರಲ್ಲ ಎಂದು ಮಾತು ತೆಗೆದೆ. ತಾಯಮ್ಮ ಸೌಟು ಕೆಳಗಿಟ್ಟಳು.

"ಒಡದ್ರೆ ನಾನ್ ಯಾರ್ ಜೊತೆ ಜಗಳ ಆಡ್ಲಿ? ನಿಮ್ ಜೊತೆನಾ? ಒಂದ್ ಮಾತಿಗೆ ಸುಸ್ತಾಗಿ ಹೊದ್ಕೊಂಡ್ ಮನಿಕತೀರಿ. ಉಣ್ಣಿ ಸುಮ್ಕೆ."

ದೇವೀರಮ್ಮ ದಿನಾ ನೀರಿನಂಚಿಗೆ ಹೋಗಿ ತನ್ನ ಮನೆಯ ಮಾಡು ನೋಡಿಕೊಂಡು ಬರುತ್ತಿದ್ದಳು. ಒಂದು ಸಂಜೆ ನಾನೂ ಜೊತೆಗೆ ಹೋದೆ. ಗೋಡೆ ನೀರಿನ ಮಟ್ಟದಲ್ಲಿ ಸವೆದು ಸಣ್ಣಗಾಗಿತ್ತು.

"ಹಸಿ ಇಟ್ಟಿಗೆ ಕಣಪ್ಪ. ಒಂದು ಮಳೆಗಾಲ ತಡೀತದೆ ಅಂತ ಲೆಕ್ಕ ಇಕ್ಕಿ ಕಟ್ಟಿದ್ದು," ಅಂದಳು. "ಇನ್ನೊಂದು ಮಳೆ ಉಯ್ದ್ರೆ ಮನಿಕತದೆ. ಆಮೇಕೆ ಕೆರೆ ಎದ್ರೂ ಒಂದೇ, ಕೂತ್ರೂ ಒಂದೇ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಊರಿನ ಮೇಲೆ ಎಲ್ಲಿಲ್ಲದ ಅಸಹ್ಯ ಬಂತು.

ಮಳೆಗಾಲದ ಹೊಸ್ತಿಲಲ್ಲಿ ಅಭಿಜಿತ್ ಸಾರ್ ಮತ್ತೆ ಬಂದರು. ನಮ್ಮೂರಿಗೆ ಪ್ರಶಸ್ತಿ ಬಂದಿತ್ತಂತೆ. ಜನರ ಸಹಭಾಗಿತ್ವದಿಂದಲೇ ಒಂದು ಕೆರೆಯನ್ನು ಸ್ಥಿರಗೊಳಿಸಿದ ಊರು ಬೇರೆಲ್ಲೂ ಇಲ್ಲವಂತೆ. ಈ ಸಲ ಕಾರ್ಯಾಗಾರವಲ್ಲ, 'ಯಶೋಗಾಥೆ ಹಂಚಿಕೆ ಸಮಾವೇಶ'. ದೊಡ್ಡ ಊರುಗಳಿಂದ ನೋಡಲು ಜನ ಬರುತ್ತಾರೆ, ಕುರ್ಚಿಗೆ ಬಿಳಿ ಬಟ್ಟೆ ಹಾಕು ಅಂದರು. ಹಾಕಿದೆ. ಮುಂದಿನ ಸಾಲಿನ ಒಂದು ಕುರ್ಚಿಯನ್ನು ದೇವೀರಮ್ಮನಿಗೆಂದು ಮೀಸಲಿಟ್ಟು, ಅವಳ ಕೊರಳಿಗೂ ಬಿಲ್ಲೆ ಹಾಕಿದರು. ಅದರ ಮೇಲೆ 'ಫಲಾನುಭವಿ' ಎಂದಿತ್ತು. ಅದೇನು ಎಂದು ಅವಳು ನನ್ನನ್ನು ಕೇಳಿದಳು. ಹೇಳಿದೆ. "ಹೌದಾ" ಅಂದು, ಬಿಲ್ಲೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಹಿಂಬದಿ ಖಾಲಿಯಿತ್ತು.

ರೇವಣಸಿದ್ದಪ್ಪ ಸ್ವಾಗತ ಮಾಡಿದ. ಮೇಷ್ಟರು ಒಗ್ಗಟ್ಟಿನ ಬಗ್ಗೆ ಮಾತಾಡಿದರು. ಮಹಿಳಾ ಸಂಘದ ಅಧ್ಯಕ್ಷೆ, ತಮ್ಮ ಮನೆಯಲ್ಲಿ ಈಗ ಒಂದು ಕೋಣೆ ಹೆಚ್ಚಾಗಿರುವುದರಿಂದ ಮಕ್ಕಳ ಓದಿಗೆ ಅನುಕೂಲವಾಗಿದೆ ಎಂದಳು. ಬಂದ ದೊಡ್ಡವರು ತಲೆದೂಗಿದರು. ನಾನು ಮೈಕಿನ ಪೆಟ್ಟಿಗೆಯ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದೆ. ಕೊನೆಗೆ ಅಭಿಜಿತ್ ಸಾರ್ ದೇವೀರಮ್ಮನ ಕೈಗೆ ಮೈಕು ಕೊಟ್ಟರು.

"ನಿಮ್ಮ ಅನುಭವ ಹಂಚಿಕೊಳ್ಳಿ ಅಮ್ಮಾ. ಇವತ್ತು ಎಲ್ಲರೂ ನಿಮ್ಮ ಮಾತು ಕೇಳಲಿಕ್ಕೇ ಬಂದಿದ್ದಾರೆ."

ದೇವೀರಮ್ಮ ಎದ್ದು ನಿಂತಳು. ಸಭೆಯ ಕಡೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿಕೊಂಡು ಬಂದಳು. ಮದ್ದಿನಂಗಡಿಯವನು ಚಪ್ಪಲಿ ಸರಿಮಾಡಿಕೊಂಡ. ಮೇಷ್ಟರು ಶಾಮಿಯಾನದ ಮೇಲ್ಭಾಗ ನೋಡಿದರು. ಆಗಲೇ ಊರಿನವರಿಗೆ ತಾವು ಯಾರ ಕೈಗೆ ಏನು ಕೊಟ್ಟಿದ್ದೇವೆಂದು ಹೊಳೆದದ್ದು. ನನ್ನ ಮೈಕ್‌ಸೆಟ್ಟಿನ ಸದ್ದು ಕೆರೆ ಕೂತಿರುವ ಇಟ್ಟಿಗೆ ಬೀದಿಯ ತನಕ ಚೆನ್ನಾಗಿ ಕೇಳಿಸುತ್ತದೆ. ಕೆರೆಗೆ ಬಾಯಿಬಿಟ್ಟು ಅವಳ ಜೋಡಿ ಮುರಿದರೂ ಅವಳಿಗೆ ಕಳೆದುಕೊಳ್ಳಲು ನಮ್ಮ ಮನೆಯ ಒಂದು ಕೋಣೆ ಮಾತ್ರ. ಅವಳು ಯಾರ ಮನೆ ತೋರಿಸಿದರೂ ಅಲ್ಲಿ ಈಗ ಎರಡನೇ ಒಲೆಯಿಲ್ಲ, ಅವರಿಗೆ ಹೋಗಲು ಜೋಡಿಮನೆಯಿಲ್ಲ. ರೇವಣಸಿದ್ದಪ್ಪನ ಮುಖ ಬಿಳಿಚಿಕೊಂಡಿತು. ಅವನು ಬಗ್ಗಿಕೊಂಡೇ ನನ್ನ ಹತ್ತಿರ ಓಡಿಬಂದ.

"ಜವರಪ್ಪ, ಆರ್ಸು! ಮೈಕ್ ಆರ್ಸೋ!"

"ಯಾವ ಸ್ವಿಚ್ಚು ಅಂತ ಮರ್ತೋಯ್ತು ಯಜಮಾನ್ರೇ," ಅಂದೆ. ಇಪ್ಪತ್ತು ವರ್ಷದಿಂದ ಆ ಪೆಟ್ಟಿಗೆ ನನ್ನದು.

"ಅಕ್ಕ, ಬ್ಯಾಡ ಕಣಕ್ಕ," ಅಂದಳು ಮಹಿಳಾ ಸಂಘದ ಅಧ್ಯಕ್ಷೆ. ದೇವೀರಮ್ಮ ಅವಳಿಗೆ ಅಕ್ಕನಾದದ್ದು ಆ ಕ್ಷಣದಲ್ಲೇ. ಮದ್ದಿನಂಗಡಿಯವನು ಅತ್ತೆ ಅಂದ. ಮೇಷ್ಟರು ಎರಡೂ ಕೈ ಜೋಡಿಸಿದರು. ಸಾರ್ ಮಾತ್ರ, ಜನರಿಗೆ ಎಂಥ ಅಭಿಮಾನವೆಂದು ನಗುತ್ತಾ ನಿಂತಿದ್ದರು.

ದೇವೀರಮ್ಮ ಮೈಕನ್ನು ಬಾಯಿಯ ಹತ್ತಿರ ತಂದಳು. ಸಭೆಗೆ ಬೆನ್ನು ಮಾಡಿ, ಇಟ್ಟಿಗೆ ಬೀದಿಯ ಕಡೆಗೆ ತಿರುಗಿದಳು.

"ಎದ್ದೇಳವ್ವ," ಅಂದಳು. "ಕುಂತಿದ್ದು ಸಾಕು, ಎದ್ದೇಳು. ಎಲ್ಲಿಗೆ ಅಂತ ನಾನು ಹೇಳಕಿಲ್ಲ. ಅದು ನಿನ್ನಿಷ್ಟ."

ಮೈಕನ್ನು ಸಾರ್ ಕೈಗೆ ವಾಪಸು ಕೊಟ್ಟು, ಕೊರಳ ಬಿಲ್ಲೆ ತೆಗೆದು ಕುರ್ಚಿಯ ಮೇಲಿಟ್ಟು, ಶಾಮಿಯಾನದಿಂದ ಹೊರಗೆ ನಡೆದಳು. "ಹೇಳ್ಬಿಟ್ಳು! ಜೋಡಿ ಮುರೀತು!" ಎಂದು ಯಾರೋ ಕೂಗಿದರು. ನಮ್ಮ ತಾಯಮ್ಮ ಎದ್ದು ನಿಂತು, "ಮುರ್ಯಕ್ಕೆ ಅದೇನ್ ನಿಮ್ಮಪ್ಪನ್ ಮನೇದಾ? ನಮ್ಮನೆ ಒಲೆ ನಮ್ದು," ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದೇವೀರಮ್ಮನ ಹಿಂದೆಯೇ ಹೋದಳು. ಉಳಿದವರಿಗೆ ಜಗಳ ಮುಂದುವರಿಸಲು ಪುರುಸೊತ್ತಾಗಲಿಲ್ಲ. ಒಬ್ಬ ಎದ್ದ, ಹತ್ತು ಜನ ಎದ್ದರು, ನನ್ನ ಬಿಳಿ ಬಟ್ಟೆಯ ಕುರ್ಚಿಗಳನ್ನೆಲ್ಲ ಕೆಡವಿಕೊಂಡು ಮನೆ ಕಡೆ ಓಡಿದರು. ಹೋದವರು ಹೋದವರೇ ಮೊದಲು ಮಾಡಿದ ಕೆಲಸ ಬಾಗಿಲು ಎಳೆದು ನೋಡಿದ್ದು. ಊರಿನ ಒಂದೇ ಒಂದು ಬಾಗಿಲೂ ಮುಚ್ಚಲಿಲ್ಲ. ಎಲ್ಲ ಬೀದಿಗಳಲ್ಲೂ, ಎಲ್ಲ ಮನೆಗಳಲ್ಲೂ ಚೌಕಟ್ಟು ಉಬ್ಬಿತ್ತು.

"ಏನಾಯಿತು? ಅವರು ಹೇಳಿದ್ದು ಏನು?" ಎಂದು ಅಭಿಜಿತ್ ಸಾರ್ ಖಾಲಿ ಶಾಮಿಯಾನದಲ್ಲಿ ನನ್ನನ್ನು ಕೇಳಿದರು. "ವರದಿಯಲ್ಲಿ ಇದನ್ನು ಏನಂತ ಬರೆಯಲಿ?"

"ಸಹಭಾಗಿತ್ವ ಅಂತ ಬರ್ಕೊಳಿ ಸಾರ್," ಅಂದು ಹಗ್ಗ ಬಿಚ್ಚತೊಡಗಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಟ್ಟಿಗೆ ಬೀದಿಯಲ್ಲಿ ನೀರಿರಲಿಲ್ಲ. ಎದ್ದ ಕೆರೆ ಎಲ್ಲಿಗೆ ಹೋಯಿತೆಂದು ಊರೆಲ್ಲ ಹುಡುಕಿದರು. ಅದರ ತಗ್ಗಿನಲ್ಲಿ ಇರಲಿಲ್ಲ. ಯಾವ ಬೀದಿಯಲ್ಲೂ ಇರಲಿಲ್ಲ. ಎದ್ದಿತ್ತು, ಕೂತಿರಲಿಲ್ಲ. ಬಾಗಿಲುಗಳು ಮಾತ್ರ ಉಬ್ಬಿಯೇ ಇದ್ದವು. ತಗಡಿನ ಶೆಡ್ಡುಗಳ ಮುಂದೆ ಜಾತ್ರೆಯೋ ಜಾತ್ರೆ. ಅಣ್ಣ, ಚಿಕ್ಕವ್ವ, ದೊಡ್ಡಪ್ಪ ಎಂದು ಬಾಯಿ ತುಂಬ ಕರೆಯುತ್ತಾ, ಇಟ್ಟಿಗೆ ಬೀದಿಯವರ ಗಂಟುಮೂಟೆ ಹೊತ್ತು ತರಲು ಪೈಪೋಟಿ. ನಾಚಿಕೆಯಿಂದ ಒಬ್ಬನೂ ತಲೆ ತಗ್ಗಿಸಿದ್ದನ್ನು ನಾನು ನೋಡಲಿಲ್ಲ. ಹೆದರಿಕೆಯಿಂದ ತಗ್ಗಿಸಿದ್ದರು, ಅಷ್ಟೆ. ನಮ್ಮೂರಿಗೆ ಅಷ್ಟೇ ಸಾಕಾಗುತ್ತದೆ.

ದೇವೀರಮ್ಮನ ಮನೆಯ ಗೋಡೆ ನಿಂತಿತ್ತು, ಒಳಗೆ ಮಂಡಿಯವರೆಗೆ ಕೆಸರು. ಅವಳು ಸೀರೆ ಎತ್ತಿಕಟ್ಟಿ ಗುದ್ದಲಿ ಹಿಡಿದು ಆಗಲೇ ಇಳಿದಿದ್ದಳು. ನಾನು ಬಾಂಡ್ಲಿ ಹಿಡಿದಿದ್ದೆ. ತಾಯಮ್ಮ ಗುಡಿಸುತ್ತಾ, ಹೀಗಲ್ಲ ಹಾಗೆ ಎಂದು ಇಬ್ಬರಿಗೂ ಬೈಯುತ್ತಿದ್ದಳು. ಆಗ ಬಾಗಿಲಲ್ಲಿ ರೇವಣಸಿದ್ದಪ್ಪ ಕಾಣಿಸಿಕೊಂಡ. ಬಿಳಿ ಪಂಚೆ, ಬಿಳಿ ಅಂಗಿ, ಬೆವರಿದ ಹಣೆ. ಅವನ ಹಿಂದೆ ಮದ್ದಿನಂಗಡಿಯವನು, ಮೇಷ್ಟರು, ಇನ್ನೂ ಯಾರ್ಯಾರೋ, ಬೀದಿಯ ತುದಿಯವರೆಗೂ ಜನ.

"ದೇವೀರಮ್ಮ, ತಾಯಿ," ಅಂದ ರೇವಣಸಿದ್ದಪ್ಪ. "ನಿನ್ ಮಾತಿಗೆ ಎದ್ದದ್ದು. ಎಲ್ಲಿ ಕೂರತ್ತೆ ಅಂತ ನಿಂಗೆ ಗೊತ್ತಿರುತ್ತೆ. ಒಂದ್ ಮಾತು ಹೇಳ್ಬಿಡು."

ದೇವೀರಮ್ಮ ಬೆನ್ನು ನೆಟ್ಟಗೆ ಮಾಡಿ, ಅವನ ಬಿಳಿ ಪಂಚೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೈಯಲ್ಲಿದ್ದ ಗುದ್ದಲಿಯನ್ನು ಅವನ ಕಡೆ ಚಾಚಿದಳು.

"ಈ ಮೂಲೆಯಿಂದ ಸುರು ಮಾಡಪ್ಪ," ಅಂದಳು.